ದುಂಡುಮೂಲೆಯ ಮರದ ಅಲೆಗಳು

"ಯಾರ್ರೀ ನೀವು? ಏಳ್ರೀ ಮೇಲೆ!"

ಅವಳ ಹೆಗಲಿನ ಚೀಲ ಬಾಗಿಲಲ್ಲೇ ಜಾರಿ ಬಿತ್ತು. ಅಮ್ಮನ ಮಂಚದ ಮೇಲೆ ಯಾರೋ ಗಂಡಸು ಅಂಗಾತ ಮಲಗಿದ್ದ! ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಅವನು ದಡಬಡಿಸಿ ಎದ್ದ. ತಲೆತುಂಬ ಮರದ ಪುಡಿ.

"ತಪ್ಪಾಯ್ತು ಮೇಡಂ. ಮಲಗಿದಲ್ಲಿಂದ ಅಮ್ಮನಿಗೆ ಏನು ಕಾಣುತ್ತೆ ಅಂತ ನೋಡ್ತಿದ್ದೆ. ನಿಂತು ನೋಡಿದ್ರೆ ಅದು ತಿಳಿಯಲ್ಲ."

"ನಿನ್ನ ಸೋದರಮಾವ ಕಳಿಸಿದ ಬಡಗಿ ಕಣೇ," ಎಂದಳು ಅಮ್ಮ. "ಮಲಗಿ ಮಲಗಿ ಮೇಲಿನ ಆ ಬಿರುಕು ನೋಡೋದೇ ಆಗಿದೆ ಅಂತ ಮಾವನ ಹತ್ತಿರ ಅತ್ತಿದ್ದೆ. ಅಲ್ಲಿ ಮರದಲ್ಲಿ ಏನಾದ್ರೂ ಚೆಂದ ಮಾಡಿಸೋಣ ಅಂದ."

ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಆದರೆ ಸಿಟ್ಟು ಮಾಡಲಿಕ್ಕೂ ತ್ರಾಣ ಬೇಕಲ್ಲ...

ವಿದ್ಯುತ್ ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಅವಳ ಕೆಲಸ. ಬೆಳಗಿನಿಂದ ಸಂಜೆವರೆಗೆ ಕಂಡರಿಯದವರ ಬೈಗುಳ. "ಸರಿ ಸಾರ್... ನೋಡ್ತೀವಿ ಸಾರ್..." ಮನೆ ಮುಟ್ಟಿದರೆ ಅಮ್ಮನ ಸ್ನಾನ, ಊಟ, ಮಗ್ಗುಲು ಬದಲಿಸುವುದು. ಮೆಟ್ಟಿಲಲ್ಲಿ ಜಾರಿ ಅಮ್ಮನ ಸೊಂಟದ ಮೂಳೆ ಮುರಿದಾಗಿನಿಂದ ಇದೇ ಬದುಕು. ಹಗಲು ಪಕ್ಕದ ಮನೆಯಾಕೆ ಬಂದು ನೋಡಿಕೊಂಡು ಹೋಗುತ್ತಿದ್ದರು, ಅಷ್ಟೇ ಆಸರೆ. ಇವಳ ಮದುವೆ ಮಾತೆತ್ತುತ್ತಿದ್ದ ನೆಂಟರೂ ಈಗ ಸುಮ್ಮನಾಗಿದ್ದರು.

ಮರುದಿನದಿಂದ ಕೆಲಸ ಶುರುವಾಯಿತು.

ಮನೆ ಇದ್ದದ್ದು ಬೀದಿ ಹೊರಳುವ ಕಡೆ. ಹಾಗಾಗಿ ಆ ಕೋಣೆಯ ಮೂಲೆ ಮೂಲೆಯಾಗಿರದೆ ಗಡಿಗೆಯ ಹೊಟ್ಟೆಯಂತೆ ದುಂಡಗಿತ್ತು. ಅವನು ತೆಳ್ಳಗಿನ ಮರದ ಪಟ್ಟಿಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ, ಗೋಡೆ ಬಾಗಿದಂತೆಯೇ ಬಗ್ಗಿಸಿ, ಒಂದರ ಹಿಂದೊಂದು ಮೇಲ್ಛಾವಣಿಗೆ ಕೂರಿಸುತ್ತಿದ್ದ. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ!

ಸಂಜೆ ಅವಳು ಬರುವ ಹೊತ್ತಿಗೆ ಅವನು ಪುಡಿ ಗುಡಿಸುತ್ತಿರುತ್ತಿದ್ದ. ಅವಳು ಚಹಾ ತಂದುಕೊಡುತ್ತಿದ್ದಳು.

"ದಿನವಿಡೀ ಮೇಲೆ ನೋಡ್ತಾ ಕೆಲಸ... ಕತ್ತು ನೋಯಲ್ವಾ?"

"ಕತ್ತು ಅಂತ ಒಂದಿತ್ತು ಅನ್ನೋದೇ ಮರೆತುಹೋಗಿದೆ ಮೇಡಂ."

ಅವಳು ನಕ್ಕುಬಿಟ್ಟಳು. ತನ್ನ ನಗು ಕೇಳಿ ತಾನೇ ಬೆಚ್ಚಿದಳು.

'ಇದೇನಿದು... ಸಂಜೆ ಮೆಟ್ಟಿಲು ಹತ್ತುವಾಗ ಕಾಲು ಬೇಗ ಬೇಗ ಬೀಳ್ತಿದೆಯಲ್ಲ!'

ಆದರೆ ಕೆಲಸ ಮಾತ್ರ ಮುಗಿಯಲೊಲ್ಲದು. ನಿನ್ನೆ ಕೂರಿಸಿದ ಪಟ್ಟಿ ಇವತ್ತು ನೆಲದ ಮೇಲಿರುತ್ತಿತ್ತು.

ಅವತ್ತು ಕಚೇರಿಯಲ್ಲಿ ಮೇಲಧಿಕಾರಿ ಎಲ್ಲರೆದುರು ಅವಳನ್ನು ಹಿಗ್ಗಾಮುಗ್ಗಾ ಬೈದಿದ್ದ. ಮನೆಗೆ ಬಂದರೆ ಒಂದು ಸಾಲು ಪಟ್ಟಿ ಪೂರ್ತಿ ಕೆಳಗಿಳಿದಿದೆ. ಬೆಳಿಗ್ಗೆ ಒಗೆದು ಹಾಸಿದ ಹೊದಿಕೆಯ ಮೇಲೆಲ್ಲ ಪುಡಿ!

"ಮತ್ತೆ ಬಿಚ್ಚಿದ್ರಾ? ಏನ್ ಆಟ ಇದು?" ಅವಳು ಹೊದಿಕೆ ಎಳೆದು ಕೊಡವಿದಳು. "ಸಂಜೆ ನಾನು ನಗ್ತಾ ನಾಲ್ಕು ಮಾತಾಡಿದ್ದಕ್ಕೆ ತಲೇಲಿ ಏನೇನೋ ತುಂಬ್ಕೊಂಡು ಕೆಲಸ ಎಳೀತಿದ್ದೀರಾ? ನನಗೆ ಸಾಕಾಗಿದೆ ರೀ... ಸಾಕಾಗಿದೆ!"

ಅವನು ಒಮ್ಮೆ ಅಮ್ಮನ ಕಡೆ ನೋಡಿದ. ಅಮ್ಮ ಗೋಡೆಗೆ ಮುಖ ಮಾಡಿದಳು.

"ನಾಳೆ ಮುಗಿಸ್ತೀನಿ ಮೇಡಂ," ಎಂದ. ಅಷ್ಟೇ.

ಹೇಳಿದಂತೆಯೇ ಮುಗಿಸಿದ. ಮರುದಿನ ಸಂಜೆ ಅವಳು ಬಂದಾಗ ದುಂಡುಮೂಲೆಯಿಂದ ಹೊರಟ ಮರದ ಅಲೆಗಳು ಅಮ್ಮನ ಮಂಚದ ಮೇಲಿನವರೆಗೂ ಹರಡಿದ್ದವು. ಗೋಡೆಯ ಹತ್ತಿರ ಕಡುಕಂದು, ಇತ್ತ ಬರುಬರುತ್ತ ಜೇನಿನ ಬಣ್ಣ. ನೆಲದ ಮೇಲೆ ಚೂರೂ ಧೂಳಿಲ್ಲ.

ಅವನೂ ಇಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು... ಅವಳು ಚಹಾ ಕುಡಿಯದೆ ಕೆಳಗಿಟ್ಟಳು.

ಅಮ್ಮನೂ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಏನಾಯ್ತಮ್ಮ? ಇಷ್ಟು ಚೆನ್ನಾಗಿದೆಯಲ್ಲ!"

"ಬಿಚ್ಚಿಸ್ತಾ ಇದ್ದದ್ದು ನಾನು ಪುಟ್ಟೀ..."

"ಏನು?"

"ಈ ಪಟ್ಟಿ ಸೊಟ್ಟ, ಆ ಬಣ್ಣ ಚೆನ್ನಾಗಿಲ್ಲ ಅಂತ ಸುಳ್ಳು ಸುಳ್ಳೇ ಹೇಳ್ತಿದ್ದೆ. ಮುಗಿದ್ರೆ ಹೋಗಿಬಿಡ್ತಾನಲ್ಲ... ಮಾತಾಡೋಕೆ ಒಂದು ಜೀವ ಬೇಕಿತ್ತು ಕಣೇ. ನೀನು ಬರೋ ಹೊತ್ತಿಗೆ ನಿನ್ನ ಮಾತೆಲ್ಲ ಫೋನಿಗೇ ಖರ್ಚಾಗಿರುತ್ತೆ."

ಅಮ್ಮನ ದನಿಯಲ್ಲಿ ದೂರಿರಲಿಲ್ಲ. ಅವಳು ಅಮ್ಮನ ಕೈ ಹಿಡಿದುಕೊಂಡಳು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೇ ಏನು! ನಕ್ಕೊಂಡೇ ಬಿಚ್ಚುತ್ತಿದ್ದ. ನೀನು ಅಷ್ಟು ಬೈದಾಗಲೂ ನನ್ನನ್ನ ಬಿಟ್ಟುಕೊಡಲಿಲ್ಲ ನೋಡು..."

ರಜೆಯ ದಿನ ಬೆಳಿಗ್ಗೆ ಅಮ್ಮನ ಬಳಿ ಪಕ್ಕದ ಮನೆಯಾಕೆಯನ್ನು ಕೂರಿಸಿ, ಅವಳು ಮಾವನನ್ನು ವಿಳಾಸ ಕೇಳಿ ಅವನ ಮರಗೆಲಸದ ಕಾರ್ಖಾನೆ ಹುಡುಕಿಕೊಂಡು ಹೋದಳು. ಮರದ ಮಂಡಿಯ ಹಿಂದೆ ತಗಡಿನ ಮಾಡು. ಒಬ್ಬನೇ ಕೂತು ಒಂದು ಬಾಗಿಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಅಮ್ಮ ಎಲ್ಲ ಹೇಳಿದಳು," ಎಂದಳು. "ತಪ್ಪು ನಂದು. ಆದ್ರೆ ನೀವಾದ್ರೂ ಬಾಯಿ ಬಿಡಬಾರದಿತ್ತಾ?"

"ಅಮ್ಮ ಹೇಳಿದ್ದು ಅರ್ಧ ನಿಜ." ಅವನು ತಲೆ ತಗ್ಗಿಸಿದ. "ನೀವು ಬೈದಿದ್ದೂ ಅರ್ಧ ನಿಜ. ಬಿಚ್ಚು ಅಂದಿದ್ದು ಅಮ್ಮ. ಖುಷಿಯಿಂದ ಬಿಚ್ಚಿದ್ದು ನಾನು... ಸಂಜೆ ನೀವು ಬರ್ತೀರಲ್ಲ ಅಂತ."

ಇದನ್ನು ಕೇಳಿ ಅವಳು ಸಂತೋಷಪಡಬೇಕಿತ್ತು. ಬಂದದ್ದು ಅಳು.

"ನನ್ನ ಹತ್ತಿರ ಏನಿದೆ ಅಂತ ರೀ? ಬೆಳಗಾದ್ರೆ ಓಟ, ಸಂಜೆಯಾದ್ರೆ ಓಟ. ಅಮ್ಮನ್ನ ಬಿಟ್ಟು ಎಲ್ಲಿಗೂ ಬರೋಳಲ್ಲ ನಾನು. ಯಾರಿಗಾದ್ರೂ ಕೊಡೋಕೆ ನನ್ನಲ್ಲಿ ಉಳಿದಿರೋದು ಬರೀ ಸುಸ್ತು..."

"ಅಮ್ಮನ್ನ ಬಿಟ್ಟು ಬನ್ನಿ ಅಂದವರು ಯಾರು? ಹರಟೆ ಹೊಡೆಯೋಕೆ ನನಗೂ ಅವರು ಬೇಕು," ಎಂದು ಅವನು ಪಕ್ಕದ ಉದ್ದನೆಯ ಮಣೆಯ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸಿದ. "ನೀವು ಸುಸ್ತಾಗೇ ಬನ್ನಿ. ಮಾತಾಡದಿದ್ರೂ ಆಯ್ತು. ಪಕ್ಕದಲ್ಲಿ ಇದ್ರೆ ಸಾಕು ನನಗೆ."

ಅವಳು ಕಣ್ಣೊರೆಸಿಕೊಂಡಳು.

"ಮಧ್ಯಾಹ್ನ ಊಟಕ್ಕೆ ಬರ್ತೀರಾ? ನೀವು ಹೋದಾಗಿನಿಂದ ಅಮ್ಮ ಸರಿಯಾಗಿ ಉಂಡಿಲ್ಲ."

"ನೀವು?"

"...ನಾನೂ ಇಲ್ಲ."

"ಹಾಗಾದ್ರೆ ಈಗಲೇ ನಡೀರಿ!"

"ಸ್ವಲ್ಪ ಇರಿ..." ಅವಳು ಮಣೆಯ ಮೇಲೆ ಕುಸಿದಳು. "ಕಾಲು ಸೋತಿದೆ. ಐದು ನಿಮಿಷ ಕೂತಿರ್ತೀನಿ."

"ಕೂತ್ಕೋ," ಎಂದ ಅವನು ಮೆತ್ತಗೆ.

ಬಹುವಚನ ಎಲ್ಲಿ ಕಳಚಿಬಿತ್ತೋ ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ತುಸು ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಬಾ... ನೀನೂ ಕೂತ್ಕೋ."