ಒಂದೇ ಲಕೋಟೆ

ಮಿಲ್ವಾಕಿಯಲ್ಲಿ ಶುಕ್ರವಾರ ಕರಿದ ಮೀನು ತಿನ್ನದವರು ಒಂದೋ ಕಾಯಿಲೆ ಬಿದ್ದಿರಬೇಕು, ಇಲ್ಲವೇ ಊರಿಗೆ ಹೊಸಬರಾಗಿರಬೇಕು. ಥಿಯಾ ನೊವಿಟ್ಸ್ಕಿ ಎರಡೂ ಅಲ್ಲ. ಆದರೂ ಮಾರ್ಗಿಯ ಬಾರಿನಲ್ಲಿ ಅವಳ ಮುಂದಿದ್ದ ತಟ್ಟೆ ಹಾಗೇ ಆರುತ್ತಿತ್ತು.

ಬೆಳಗಿನಿಂದಲೂ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏನೋ ಮರೆತಿದ್ದೇನೆ ಎಂಬ ಕಸಿವಿಸಿ. ಎದುರಿಗೆ ಅನ್ಸೆಲ್ ಬ್ರಾಂಟ್ ಮಾತ್ರ ಹಾಯಾಗಿ ಮೀನು ಮುರಿಯುತ್ತಿದ್ದ. ಇಬ್ಬರದೂ ಒಂದೇ ಕೆಲಸ: ಒಂದು ಕಂಪನಿಯ ಆ್ಯಪ್ ಹೇಳಿದ ಮನೆಗೆ, ಅದೇ ಕಂಪನಿಯ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಊಟ ಮುಟ್ಟಿಸುವುದು.

"ನಿನ್ ಕಾಗ್ದಾನೂ ಹಾಕ್ಬಿಟ್ಟೆ," ಎಂದ ಅನ್ಸೆಲ್. ಅವನು ಖುಷಿಯಲ್ಲಿದ್ದರೆ ಬಲಗಡೆಯ ಹುಬ್ಬು ಮಾತ್ರ ಮೇಲೇರುತ್ತದೆ. ಥಿಯಾ ಆ ಹುಬ್ಬನ್ನು ಕಂಡೂ ಕಾಣದ ಹಾಗೆ ನೋಡುವುದರಲ್ಲಿ ಪಳಗಿದ್ದಳು.

"ಯಾವ್ ಕಾಗ್ದ?"

"ಅದೇ, ಕರಾರು ಒಪ್ಪಲ್ಲ ಅಂತ ಕಂಪನಿಗೆ ಬರ್ದಿದ್ಯಲ್ಲ. ಸಹಿ ಹಾಕಿ ನಮ್ಮನೆ ಟೇಬಲ್ ಮೇಲೇ ಬಿಟ್ಟು ಹೋಗಿದ್ದೆ. ನೀನಂತೂ ಪೋಸ್ಟ್ ಮಾಡೋ ಪೈಕಿ ಅಲ್ಲ. ನಿನ್ನೆ ನಾನೇ ಹಾಕ್ದೆ. ನಂದೂ ನಿಂದೂ ಒಂದೇ ಲಕೋಟೇಲಿ."

ಹೂವು ತಂದುಕೊಟ್ಟವನ ಹಾಗೆ ಹೇಳಿದ. ಒಂದೇ ಲಕೋಟೆ ಎಂದದ್ದೇ ಥಿಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಕಳೆದ ತಿಂಗಳು ಕಂಪನಿ ಹೊಸ ಷರತ್ತುಗಳನ್ನು ಕಳಿಸಿತ್ತು. ಒಪ್ಪಿಗೆ ಒತ್ತದೆ ಆ್ಯಪ್ ತೆರೆಯುವುದಿಲ್ಲ, ಆ್ಯಪ್ ತೆರೆಯದೆ ಕೆಲಸವಿಲ್ಲ. ಆ ಷರತ್ತುಗಳ ತಳದಲ್ಲೆಲ್ಲೋ ಒಂದು ಮಾತು ಅಡಗಿತ್ತು. ಇನ್ನು ಮುಂದೆ ಹಳೆಯದಾಗಲಿ ಹೊಸದಾಗಲಿ, ಯಾವ ತಕರಾರಿಗೂ ಕೋರ್ಟಿಲ್ಲ. ಒಬ್ಬೊಬ್ಬರೇ ಮಧ್ಯಸ್ಥಗಾರನ ಮುಂದೆ ಹೋಗಬೇಕು. ಬೇಡ ಎನ್ನುವವರು ತಿಂಗಳೊಳಗೆ ಸಹಿ ಹಾಕಿದ ಪತ್ರವನ್ನು ಅಂಚೆಗೆ ಹಾಕಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಶರತ್ಕಾಲದಲ್ಲಿ ಕಂಪನಿಯ ಸೈಕಲ್ಲಿನ ಬ್ರೇಕು ಹಿಡಿಯದೆ ಥಿಯಾ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಹಾಗೇ ಬಿದ್ದವರೆಲ್ಲ ಒಟ್ಟಾಗಿ ಕೋರ್ಟಿಗೆ ಹೋಗುವವರಿದ್ದರು. ಅವರ ಜೊತೆ ನಿಲ್ಲಬೇಕೆಂದರೆ ಆ ಪತ್ರ ಸರಿಯಾಗಿ ತಲುಪಬೇಕಿತ್ತು.

ಅವಳು ಫೋನಿನಲ್ಲಿ ಆ ಷರತ್ತುಗಳನ್ನು ತೆರೆದು, ಸರಸರ ತಳಕ್ಕೆ ಸರಿಸಿ ಗಟ್ಟಿಯಾಗಿ ಓದಿದಳು. "ಪ್ರತಿಯೊಬ್ಬರ ಪತ್ರವೂ ಪ್ರತ್ಯೇಕ ಲಕೋಟೆಯಲ್ಲಿ ಬರತಕ್ಕದ್ದು. ಒಂದೇ ಲಕೋಟೆಯಲ್ಲಿ ಒಂದಕ್ಕಿಂತ ಹೆಚ್ಚು ಪತ್ರಗಳಿದ್ದಲ್ಲಿ ಯಾವುದೂ ಊರ್ಜಿತವಲ್ಲ."

ಹುಬ್ಬು ಕೆಳಗಿಳಿಯಿತು. "ಅದನ್ನೆಲ್ಲ ಯಾರ್ ಓದ್ತಾರೆ ಮಾರಾಯ್ತಿ?"

"ಯಾರೂ ಓದಲ್ಲ ಅಂತಾನೇ ಬರ್ದಿರೋದು. ಇವತ್ತೇ ಕೊನೇ ದಿನ ಕಣೋ. ಪೋಸ್ಟಾಫೀಸು ಐದಕ್ಕೆ ಮುಚ್ಚತ್ತೆ."

"ಫೋಟೋ ಇದೆ, ತಾಳು. ವಿಳಾಸ ಎಷ್ಟು ಚೆನ್ನಾಗಿ ಬರ್ದಿದೀನಿ ನೋಡು," ಎಂದು ಫೋನು ಮುಂದೆ ಹಿಡಿದ. ಲಕೋಟೆಯ ಮೂಲೆಯಲ್ಲಿ, ಕಳಿಸಿದವರ ಜಾಗದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದ: ಥಿಯಾ ಮತ್ತು ಅನ್ಸೆಲ್. ಕೆಳಗೆ ಅವನ ಮನೆಯ ವಿಳಾಸ.

ಥಿಯಾ ಅದನ್ನೇ ನೋಡಿದಳು. "ನಾನ್ ಯಾವಾಗ ನಿನ್ನ ಮನೇಲಿ ಇರೋಕೆ ಬಂದೆ?"

"ಹ್ಯಾಲೋವೀನ್ ದಿನ ಕೇಳಿದ್ನಲ್ಲ, ನನ್ ಜೊತೆ ಬಂದಿರ್ತೀಯಾ ಅಂತ."

"ನಾನ್ ಏನಂದೆ?"

"ಏನೂ ಅನ್ಲಿಲ್ಲ."

"ಮತ್ತೆ?"

"ಬೇಡ ಅಂತೇನೂ ಅನ್ಲಿಲ್ವಲ್ಲ. ಅದಕ್ಕೇ..."

ಕೌಂಟರಿನ ಹಿಂದೆ ಮಾರ್ಗಿ ಒರೆಸಿದ ಗ್ಲಾಸನ್ನೇ ಮತ್ತೆ ಒರೆಸುತ್ತಿದ್ದಳು.

"ನೀನೂ ಕಂಪನಿ ಥರಾನೇ," ಎಂದಳು ಥಿಯಾ. "ಬಾಯಿ ಬಿಡ್ಲಿಲ್ಲ ಅಂದ್ರೆ ಒಪ್ಪಿದ ಹಾಗೆ."

ಅನ್ಸೆಲ್‌ನ ಮುಖ ಸಣ್ಣದಾಯಿತು. ಆಡಿದ ಮಾತು ಅವಳನ್ನೂ ಚುಚ್ಚಿತು. ಅವನೆಂದರೆ ಅವಳಿಗೆ ಪ್ರಾಣ. ಸಿಟ್ಟು ಬಂದದ್ದೂ ಅದಕ್ಕೇ. ಆವತ್ತು ಅವನು ಕೇಳಿದವನೇ, ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ, ಕಿಟಕಿಗೆ ಯಾವ ಬಣ್ಣದ ಪರದೆ ಹಾಕೋಣ ಎಂದು ಶುರು ಮಾಡಿದ್ದ. ನಾಲಿಗೆಯ ತುದಿಗೆ ಬಂದಿದ್ದ ಹೂಂ ಅಲ್ಲೇ ಉಳಿದುಹೋಗಿತ್ತು. ಚಿಕ್ಕಂದಿನಿಂದಲೂ ಹೀಗೇ. "ಥಿಯಾದೇನೂ ತಕರಾರಿಲ್ಲ ಬಿಡಿ," ಎಂದು ಅವಳ ಪರವಾಗಿ ಹೇಳಲು ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು.

ಮಾರ್ಗಿ ಎರಡು ಹಾಳೆ, ಎರಡು ಲಕೋಟೆ ತಂದು ಮೇಜಿನ ಮೇಲಿಟ್ಟಳು. "ಜಗಳ ಆಮೇಲೆ ಆಡ್ಕೊಳ್ಳಿ ಮಕ್ಳಾ, ಈಗ ಬರೀರಿ. ಬೇರೆ ಬೇರೆ ಟೇಬಲ್‌ನಲ್ಲಿ ಕೂತ್ಕೊಳ್ಳಿ, ಅದಕ್ಕೂ ಏನಾದ್ರೂ ರೂಲ್ಸು ಇದ್ದೀತು."

ಇಬ್ಬರೂ ದೂರ ದೂರ ಕೂತರು. ಥಿಯಾಳ ಮಣಿಕಟ್ಟು ಚಳಿಗೆ ಸೆಟೆದುಕೊಂಡು ಪೆನ್ನು ನಿಧಾನವಾಗಿ ಓಡುತ್ತಿತ್ತು. ತಲೆಯೆತ್ತಿದರೆ ಅನ್ಸೆಲ್ ಇತ್ತಲೇ ನೋಡುತ್ತಿದ್ದ. ಕಣ್ಣು ಸೇರಿದೊಡನೆ ಇಬ್ಬರೂ ಹಾಳೆಗೆ ಬಗ್ಗಿದರು.

"ಮೊದ್ಲು ಏನ್ ಬರೀಬೇಕು?" ಎಂದು ಅಲ್ಲಿಂದಲೇ ಕೇಳಿದ.

"ನಿನ್ ಹೆಸ್ರು."

"ಆಮೇಲೆ?"

"ನನ್ ಹೆಸ್ರೊಂದು ಬಿಟ್ಟು ಏನ್ ಬೇಕಾದ್ರೂ ಬರ್ಕೋ."

ಅವನು ನಗಲಿಲ್ಲ. ಅವಳಿಗೂ ನಗು ಬೇಕಿರಲಿಲ್ಲ. ಆದರೂ ಅವನು ನಗಲಿಲ್ಲವಲ್ಲ ಎಂದು ಮತ್ತೊಮ್ಮೆ ಅತ್ತ ಕಣ್ಣು ಹಾಯಿಸಿದಳು.

ಪೋಸ್ಟಾಫೀಸಿನ ದಾರಿಯಲ್ಲಿ, ಊರಂಚಿನ ಸರೋವರದ ಕಡೆಯಿಂದ ಬೀಸುತ್ತಿದ್ದ ಗಾಳಿ ಕಿವಿ ಕೀಳುವಂತಿತ್ತು. ಕೊಚ್ಚೆಯಾದ ಹಿಮದಲ್ಲಿ ಸೈಕಲ್ಲುಗಳು ಜಾರುತ್ತಿದ್ದವು. ಅನ್ಸೆಲ್ ಎಂದಿನಂತೆ ಮುಂದೆ ಹೋಗಿ ದಾರಿ ಮಾಡಿಕೊಡಲಿಲ್ಲ, ಹಿಂದೆಯೇ ಬಂದ. ಹಿಂದೆ ಇದ್ದಾನೋ ಇಲ್ಲವೋ ಎಂದು ಥಿಯಾ ತಿರುಗಿ ತಿರುಗಿ ನೋಡಿದಳು.

ಪೋಸ್ಟಾಫೀಸಿನಲ್ಲಿ ಕ್ರಿಸ್‌ಮಸ್ ಪಾರ್ಸೆಲ್ಲುಗಳನ್ನು ಅವುಚಿಕೊಂಡವರ ಸಾಲು ಬಾಗಿಲವರೆಗೂ ಬಂದಿತ್ತು. ಥಿಯಾ ತುದಿಗಾಲಲ್ಲಿ ನಿಂತಳು. ಗಡಿಯಾರ ನೋಡಿದಳು, ಸಾಲು ನೋಡಿದಳು, ಕೊನೆಗೆ ಅವನನ್ನೂ ನೋಡಿದಳು. ಮಧ್ಯೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದ. ಹಾಗೆ ಅವನು ಎಂದೂ ನಿಂತವನಲ್ಲ.

ಅವರ ಸರದಿ ಬರುವ ಹೊತ್ತಿಗೆ ಕೌಂಟರಿನವನು ಪಕ್ಕದ ಕಿಟಕಿಯ ಪರದೆ ಎಳೆಯುತ್ತಿದ್ದ. "ಇವತ್ತಿನ ತಾರೀಖಿನ ಮುದ್ರೇನೇ ಬೇಕು," ಎಂದಳು ಥಿಯಾ.

ಅವನು ಎರಡೂ ಲಕೋಟೆ ತಿರುಗಿಸಿ ನೋಡಿದ. "ಎರಡೂ ಒಂದೇ ಕಡೆಗಾ? ಒಂದ್ರಲ್ಲೇ ಹಾಕಿದ್ರೆ ಆಗ್ತಿತ್ತಲ್ಲಮ್ಮ."

"ಆಗಲ್ಲ," ಎಂದರು ಇಬ್ಬರೂ ಒಟ್ಟಿಗೇ.

ಥಿಯಾಳಿಗೆ ನಗು ತಡೆಯಲಾಗಲಿಲ್ಲ. ಕೌಂಟರಿನವನು ಬೆಪ್ಪಾಗಿ ನೋಡಿ, ಒಂದಾದ ಮೇಲೊಂದಕ್ಕೆ ಮುದ್ರೆ ಒತ್ತಿ, ರಸೀದಿ ಕೈಗಿಟ್ಟ. ಅಷ್ಟರ ಮಟ್ಟಿಗೆ ಕೆಲಸವಾಯಿತು.

ಹೊರಗೆ ಆಗಲೇ ಕತ್ತಲಾಗಿತ್ತು. ಮೆಟ್ಟಿಲ ಮೇಲೆ ಅನ್ಸೆಲ್ ನಿಂತ.

"ಕೇಳಿದ್ದು ತಪ್ಪು ಅನ್ಸಲ್ಲ ನಂಗೆ," ಎಂದ. "ಉತ್ತರಾನೂ ನಾನೇ ಕೊಟ್ಕೊಂಡ್ನಲ್ಲ, ಅದು ತಪ್ಪು. ಬೇಡ ಅನ್ನೋಕೆ ನಿಂಗೆ ಜಾಗಾನೇ ಬಿಡ್ಲಿಲ್ಲ."

"ಹೂಂ ಅನ್ನೋಕೂ ಬಿಡ್ಲಿಲ್ಲ."

ಅವನು ಅವಳ ಮುಖ ನೋಡಿದ. "ಹಾಗಾದ್ರೆ ಈಗ ಕೇಳ್ತೀನಿ. ಬೇಡ ಅಂದ್ರೆ ನಂಗೆ ಬೇಜಾರಾಗತ್ತೆ, ಸುಳ್ಳು ಹೇಳಲ್ಲ. ಆದ್ರೂ ನಾಳೆ ನಿನ್ ಸೈಕಲ್ ಚೈನಿಗೆ ಎಣ್ಣೆ ಹಾಕೋನು ನಾನೇ. ನನ್ ಜೊತೆ ಬಂದಿರ್ತೀಯಾ, ಥಿಯಾ?"

ಅವಳು ಸುಮ್ಮನಿದ್ದಳು. ಒಂದು ಬಸ್ಸು ಬಂದು ನಿಂತು, ಜನ ಇಳಿದು, ಮತ್ತೆ ಹೊರಟಿತು. ಅನ್ಸೆಲ್ ಬಾಯಿ ತೆರೆದ, ಮುಚ್ಚಿಕೊಂಡ. ಪರದೆಯ ಸುದ್ದಿ ಎತ್ತಲಿಲ್ಲ, ತಮಾಷೆ ಮಾಡಲಿಲ್ಲ, ಅವಳ ಮೌನಕ್ಕೆ ತನ್ನದೊಂದು ಅರ್ಥ ಹಚ್ಚಲೂ ಹೋಗಲಿಲ್ಲ. ಮೂಗು ಚಳಿಗೆ ಕೆಂಪಗಾಗಿತ್ತು. ಅಪರಾಧಿಯ ಹಾಗೆ ನಿಂತು ಕಾದ.

ಬೇಡ ಎಂದರೂ ನಡೆಯುತ್ತದೆ ಎಂದು ಥಿಯಾಳಿಗೆ ಆ ಕ್ಷಣ ನಿಜವಾಗಿ ಅನ್ನಿಸಿತು. ಅನ್ನಿಸಿದ್ದೇ ತಡ, ಬೇಡ ಎನ್ನುವ ಆಸೆ ಒಳಗೆಲ್ಲೂ ಇಲ್ಲವೆಂಬುದೂ ತಿಳಿಯಿತು.

"ಇರ್ತೀನಿ," ಎಂದಳು.

"ಏನಂದೆ?"

"ಇರ್ತೀನಿ ಅಂದೆ, ಪೆದ್ದ. ನೀನಂದ್ರೆ ಇಷ್ಟ ನಂಗೆ. ಆವತ್ತೂ ಇಷ್ಟಾನೇ ಇತ್ತು."

"ಆವತ್ತೇ ಹೇಳ್ಬಾರ್ದಿತ್ತಾ ಮತ್ತೆ?" ಎಂದ ಅನ್ಸೆಲ್.

ಥಿಯಾ ಒಂದು ಮೆಟ್ಟಿಲು ಕೆಳಗಿಳಿದು ಅವನಿಗೆ ತೀರ ಹತ್ತಿರ ನಿಂತಳು.

"ಆವತ್ತು ನೀನು ಕಾಯ್ಲೇ ಇಲ್ವಲ್ಲೋ," ಎಂದಳು.