ಮಾವಿನ ಮಂಡಿಯಲ್ಲಿ ಕಡಲಾಮೆ

ನನ್ನ ಬೆನ್ನ ಹಿಂದೆ ಬಾಗಿಲು ಸರಿದು ಮುಚ್ಚಿಕೊಂಡಿತು.

ಧಡ್ ಅಂತಲ್ಲ. ಮೆತ್ತಗೆ... ಫ್ರಿಜ್ಜಿನ ಬಾಗಿಲು ಹಾಕಿದ ಹಾಗೆ. ಆಮೇಲೆ ಹೊರಗಡೆ ಚಿಲಕ ಬಿದ್ದ ಸದ್ದು.

ತಿರುಗಿ ಓಡಿದೆ. ಒಳಗಿನ ಹಿಡಿಗೆ ತಡಕಾಡಿದೆ. ಹಿಡಿಯೇ ಇಲ್ಲ! ಯಾರೋ ಬೇಕಂತಲೇ ಕಿತ್ತುಹಾಕಿದ್ದರು. ಅದು ಇದ್ದ ಜಾಗದಲ್ಲಿ ಸ್ಕ್ರೂಗಳ ತೂತು ಮಾತ್ರ ಉಳಿದಿತ್ತು.

ಶಭಾಷ್ ಗಂಗಾಲಕ್ಷ್ಮಿ! ಕಾಣೆಯಾದವರನ್ನು ಹುಡುಕಿಕೊಡುವುದೇ ನಿನ್ನ ಕಸುಬು. ಈಗ ನಿನ್ನನ್ನು ಹುಡುಕುವವರು ಯಾರು?

ನಿಮಗೆ ಈ ಥರದ ಕೋಣೆ ಗೊತ್ತಿರಲಿಕ್ಕಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಹಣ್ಣು ಮಾಗಿಸಲು ಕಟ್ಟಿಸಿರುತ್ತಾರೆ. ಸುತ್ತ ಥರ್ಮೋಕೋಲ್ ತುಂಬಿದ ತಗಡಿನ ಗೋಡೆ. ಕಂಬಿಯ ಮೇಲೆ ಸರಿಯುವ, ರಬ್ಬರ್ ಅಂಚಿನ ಬಾಗಿಲು. ಮೂಲೆಯಲ್ಲಿ ಗ್ಯಾಸ್ ಬಿಡುವ ಕೊಳವೆ. ಗಾಳಿ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಅಂತೂ ಕೇಳಲೇಬೇಡಿ. ಅದು ಡಿಸೆಂಬರ್ ತಿಂಗಳು. ಮಾವಿಲ್ಲದ ಕಾಲದಲ್ಲಿ ಆ ಬೀದಿಗೆ ನಾಯಿಯೂ ಬರುವುದಿಲ್ಲ.

ಆದರೆ ಕೋಣೆ ಖಾಲಿ ಇರಲಿಲ್ಲ.

ಒಂದೇ ಒಂದು ಬಲ್ಬು. ಅದರ ಕೆಳಗೆ ನೀಲಿ ಟಾರ್ಪಾಲಿನ ದೊಡ್ಡ ತೊಟ್ಟಿ. ಪಕ್ಕದಲ್ಲಿ ಹರಿದ ಉಪ್ಪಿನ ಮೂಟೆಗಳು. ತೊಟ್ಟಿಯೊಳಗಿಂದ ಯಾರೋ ನಿಟ್ಟುಸಿರು ಬಿಟ್ಟರು... ಫುಸ್ಸ್!  ತೊಟ್ಟಿಯತ್ತ ಕೈ ಚಾಚಿದೆ.

"ಮುಟ್ಬೇಡಿ ಅಕ್ಕ."

ಮೂಟೆಗಳ ಹಿಂದಿನಿಂದ ಒಬ್ಬ ಯುವಕ ಎದ್ದುಬಂದ. ಗಡ್ಡ ಬೆಳೆದಿತ್ತು. ತುಟಿ ಒಡೆದಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಫೋಟೊದಲ್ಲಿ ನೋಡಿದ್ದ ಮುಖವೇ.

ಉಮೇರ್.

ಮುಳಬಾಗಿಲಿನ ಶಕೀಲಾ ನನ್ನನ್ನು ಅಟ್ಟಿದ್ದು ಇವನಿಗಾಗಿ. ಇವನು ಅಂಡಮಾನಿನಲ್ಲಿ ಟೂರಿಸ್ಟರನ್ನು ಕಡಲೊಳಗೆ ಇಳಿಸಿ ಹವಳ, ಮೀನು, ಆಮೆ ತೋರಿಸುವ ಗೈಡು. ರಜೆಗೆ ಊರಿಗೆ ಬಂದವನು ಮಾಯವಾಗಿದ್ದ. 'ಅರ್ಜೆಂಟಾಗಿ ದ್ವೀಪಕ್ಕೆ ವಾಪಸ್ ಹೋದೆ' ಅಂತ ಮೆಸೇಜು ಮಾತ್ರ ಬಂದಿತ್ತು. ಶಕೀಲಾ ಅದನ್ನು ನಂಬಲಿಲ್ಲ. ಈಜುವಾಗ ಕಾಲಿಗೆ ಹಾಕುವ ರಬ್ಬರ್ ರೆಕ್ಕೆಗಳನ್ನು ತಂದು ನನ್ನ ಮುಂದೆ ಹಾಕಿದಳು. ಇವನ್ನು ಬಿಟ್ಟು ಹೋಗುವ ಮಗ ನನ್ನವನಲ್ಲ ಅಂತ ಅತ್ತಳು. ಒಬ್ಬನೇ ಮಗ. ಅವನನ್ನು ಕರೆತರುತ್ತೇನೆ ಅಂತ ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ.

ಕರೆತರುವುದಿರಲಿ, ಈಗ ನಾನೇ ಬಂದು ಪಕ್ಕದಲ್ಲಿ ಕೂತಿದ್ದೆ.

ನೀರಿನಿಂದ ಒಂದು ತಲೆ ಮೇಲೆ ಬಂತು. ಮುದುಕಿಯಂಥ ಕಣ್ಣು. ಹಿಂದೆ ಊಟದ ಮೇಜಿನಷ್ಟು ಅಗಲದ ಚಿಪ್ಪು. ಹಿಂಗಾಲಿನ ರೆಕ್ಕೆ ಅರ್ಧ ಕತ್ತರಿಸಿಹೋಗಿತ್ತು. ಕಡಲಾಮೆ! ಕಡಲು ಎಲ್ಲಿ, ಶ್ರೀನಿವಾಸಪುರ ಎಲ್ಲಿ! ಉಸಿರು ತೆಗೆದುಕೊಂಡು ಅದು ಮತ್ತೆ ಮುಳುಗಿತು.

ಅದರ ಹೆಸರು ಬೇಗಂ ಅಂತೆ. ಉಮೇರ್ ವರ್ಷಗಟ್ಟಲೆ ಅದರ ಪಕ್ಕದಲ್ಲಿ ಈಜಿದ್ದ. ದೂರದಿಂದ ನೋಡಿ, ಮುಟ್ಟಬೇಡಿ, ಅಡ್ಡ ಬರಬೇಡಿ... ದೋಣಿ ಹತ್ತಿದವರಿಗೆಲ್ಲ ಅವನು ಹೇಳುತ್ತಿದ್ದದ್ದು ಇಷ್ಟೇ. ಕಳೆದ ವರ್ಷ ನಮ್ಮ ಕಡೆಯ ಒಬ್ಬ ದೊಡ್ಡ ಮನುಷ್ಯ ಟೂರಿಗೆ ಹೋಗಿದ್ದ. ಬೇಗಂ ಚಿಪ್ಪು ಹಿಡಿದು ಸವಾರಿ ಮಾಡಲು ಹೊರಟ. ಉಮೇರ್ ಎಲ್ಲರೆದುರು ಅವನ ಕೈಯನ್ನು ಚಿಪ್ಪಿನಿಂದ ಬಿಡಿಸಿ ತಳ್ಳಿದ.

ಆ ಕೈ ಮುನಿಕೃಷ್ಣನದು. ಈ ಮಂಡಿಯ ಮಾಲೀಕ.

ಕೊಳ್ಳುವುದೇ ಕಸುಬಾದವನಿಗೆ ಸಿಗದ ವಸ್ತು ಅಂದರೆ ಗಂಟಲಲ್ಲಿ ಸಿಕ್ಕ ಮುಳ್ಳು. ಮಾಲೂರಿನ ಆಚೆ ಅವನದೊಂದು ಪಾಳುಬಿದ್ದ ಕಲ್ಲು ಕ್ವಾರಿ ಇತ್ತು. ನೀರು ತುಂಬಿದ್ದ ಅದರ ನಡುವೆ ಮಣ್ಣು ಸುರಿದು ದಿಬ್ಬ ಮಾಡಿದ, ತೆಂಗಿನಮರ ನೆಟ್ಟ, ಪಕ್ಕದಲ್ಲಿ ಉಪ್ಪುನೀರಿನ ಕೊಳ ಕಟ್ಟಿಸಿದ. 'ಟ್ರಾಪಿಕಲ್ ಐಲ್ಯಾಂಡ್ ಇಕೋ ರೆಸಾರ್ಟ್' ಅಂತ ಬೋರ್ಡು ಹಾಕಿದ. ಕಡಲಾಮೆಯ ಜತೆ ಈಜಿ, ಬೆಂಗಳೂರಿನಿಂದ ಬರೀ ಒಂದು ಗಂಟೆ! ಕಾಡು ಕಡಿದು ಕುಂಡದಲ್ಲಿ ತುಳಸಿ ನೆಡುವವರ ಇಕೋ ಅದು. ಬೇಗಂಳನ್ನು ಬಲೆ ಹಾಕಿ ಹಿಡಿಸಿ, ಮೀನಿನ ಪೆಟ್ಟಿಗೆಗಳ ನಡುವೆ ಸಾಗಿಸಿ ತಂದು, ರೆಸಾರ್ಟ್ ಶುರುವಾಗುವವರೆಗೆ ಇಲ್ಲಿ ಬಚ್ಚಿಟ್ಟಿದ್ದ. ಜಾಹೀರಾತಿನ ವಿಡಿಯೋದಲ್ಲಿ ಆ ಅರ್ಧ ರೆಕ್ಕೆ ನೋಡಿದ ಉಮೇರ್, ಕೇಳೋಣ ಅಂತ ನೇರ ಇಲ್ಲಿಗೇ ಬಂದಿದ್ದ. ಬಂದವನನ್ನು ಮುನಿಕೃಷ್ಣ ಬಿಡಲಿಲ್ಲ. ಆಮೆ ಸಾಯದಂತೆ ನೋಡಿಕೊಳ್ಳಲು ಒಬ್ಬ ಬೇಕಿತ್ತಲ್ಲ!

ಉಮೇರ್ ಮಾಯವಾಗುವ ಮುಂಚೆ ಆ ರೆಸಾರ್ಟಿನ ಬಗ್ಗೆ ವಿಚಾರಿಸಿದ್ದ ಅಂತ ಶಕೀಲಾ ಹೇಳಿದ್ದಳು. ಅಲ್ಲಿಂದ ನಾನು ಹಿಡಿದದ್ದು ಉಪ್ಪಿನ ಜಾಡು. ಕ್ವಾರಿಯಲ್ಲಿ ಅರ್ಧ ಲೋಡು ಉಪ್ಪು ಇಳಿಸಿದ ಲಾರಿ ಶ್ರೀನಿವಾಸಪುರಕ್ಕೆ ತಿರುಗಿತು. ಕಾಯಿಯೇ ಇಲ್ಲದ ಕಾಲದಲ್ಲಿ ಮಾವಿನ ಮಂಡಿಗೆ ಉಪ್ಪು ಯಾಕೆ? ಮಧ್ಯಾಹ್ನ ಹಿಂದಿನ ಗೋಡೆ ಹಾರಿದೆ. ಈ ಬಾಗಿಲು ಮುಚ್ಚಿತ್ತು, ಹೊರಗಿನ ಚಿಲಕ ಮಾತ್ರ ತೆಗೆದಿತ್ತು. ನಾನು ಲಾರಿಯ ಬೆನ್ನು ಹತ್ತಿದ್ದು ಅವರಿಗೆ ತಿಳಿದಿತ್ತು. ಬೇಕಂತಲೇ ತೆಗೆದಿಟ್ಟಿದ್ದರು... ನನಗಾಗಿ.

"ಇನ್ನೊಂದ್ ದಾರಿ ಇಲ್ವೇನಪ್ಪ?" ಅಂದೆ.

"ಹುಡ್ಕಿದ್ದೀನಿ ಅಕ್ಕ. ಇಲ್ಲ."

ಆಗ ಚಿಲಕ ಸರಿಯಿತು.

ಮುನಿಕೃಷ್ಣ ಬಂದ. ಬಿಳಿ ಅಂಗಿ, ಹಣೆಗೆ ಕುಂಕುಮ. ಹಿಂದೆ ಇಬ್ಬರು ಕಟ್ಟುಮಸ್ತಾದ ಹಮಾಲಿಗಳು. ಒಬ್ಬ ನನ್ನ ಫೋನು ಕಿತ್ತುಕೊಂಡ, ಇನ್ನೊಬ್ಬ ಉಮೇರನ ಕುತ್ತಿಗೆಗೆ ಮಾವು ಕೀಳುವ ಕೋಲು ಒತ್ತಿ ನಿಂತ. ಅದರ ತುದಿಯಲ್ಲಿ ಬ್ಲೇಡು ಇರುತ್ತದೆ. ಮಾವಿನ ತೊಟ್ಟು ಕತ್ತರಿಸಲೇ ಅಷ್ಟು ಹರಿತ ಬೇಕು.

"ಎಲ್ಲಾರ್ಗೂ ಒಂದ್ ರೇಟು ಐತೆ ಗಂಗಕ್ಕ. ನಿಮ್ದೇನು?"

ನನ್ನ ತಲೆ ಓಡಿತು. "ಐತೆ. ಆದ್ರೆ ಇವ್ರೆದುರು ಹೇಳ್ಲಾ?" ಅಂತ ಹಮಾಲಿಗಳ ಕಡೆ ನೋಡಿದೆ.

ಮಂಡಿಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ನಾಟುವ ಮಾತಿಲ್ಲ. ರೇಟು ಹಮಾಲಿಯ ಕಿವಿಗೆ ಬಿದ್ದರೆ ಅವನೂ ಪಾಲು ಕೇಳುತ್ತಾನೆ. ಹಾಗಂತ ಅವರನ್ನು ಹೊರಗೆ ಕಳಿಸಿ ನನ್ನ ಮುಂದೆ ಒಬ್ಬನೇ ನಿಲ್ಲುವ ಧೈರ್ಯವೂ ಅವನಿಗಿರಲಿಲ್ಲ. ಬಾಗಿಲಾಚೆ ಹೋಗಿ ತನ್ನ ದಲ್ಲಾಳಿಗೆ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ನಬೀ ಸಾಬ್ರು ಬಂದರು. ಬಿಳಿ ಗಡ್ಡ, ಹೆಗಲ ಮೇಲೆ ಟವೆಲ್ಲು. ಸುತ್ತಮುತ್ತಲಿನ ಮಾವೆಲ್ಲ ಆ ಟವೆಲ್ಲಿನ ಕೆಳಗೇ ಮಾರಾಟವಾಗಿದೆ ಅನ್ನುತ್ತಾರೆ.

ಹಳೆಯ ಪದ್ಧತಿ ಅದು. ಇಬ್ಬರ ಕೈಗಳ ಮೇಲೆ ಟವೆಲ್ಲು ಹೊದಿಸಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಬಾಯಿ ಬಿಡುವ ಹಾಗಿಲ್ಲ. ಹಿಡಿಸಿಕೊಂಡವನು ಅದೇ ಅಂಕಿಯನ್ನು ತಿರುಗಿ ಒತ್ತಿದರೆ ಮಾತು ಮುಟ್ಟಿತು ಅಂತ. ಹೆಂಗಸರು ಯಾರೂ ಅದರೊಳಗೆ ಕೈ ಹಾಕುವುದಿಲ್ಲ. ಆದರೆ ನನ್ನಪ್ಪ ಆಂಜಿನಪ್ಪನೂ ದಲ್ಲಾಳಿಯೇ. ಅಕ್ಷರಕ್ಕೆ ಮೊದಲು ನಾನು ಕಲಿತದ್ದು ಬೆರಳು.

ಸಾಬ್ರ ಕಣ್ಣು ತೊಟ್ಟಿಯ ಮೇಲೆ ಹೋಯಿತು. ಅಲ್ಲಿಂದ ಉಮೇರನ ಒಡೆದ ತುಟಿಗೆ, ಬರಿಗಾಲಿಗೆ. ಅವರಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತ ಆ ಕಣ್ಣು ನೋಡಿಯೇ ತಿಳಿಯಿತು.

"ಮುಳಬಾಗ್ಲು ಶಕೀಲಾ ಮಗ ಸಾಬ್ರೇ," ಅಂದೆ. "ಅಲ್ಲಿ ತಾಯಿ ಊಟ ಬಿಟ್ಟವ್ಳೆ."

ಸಾಬ್ರು ನನ್ನತ್ತ ಕೈ ಚಾಚಿದರು. ಟವೆಲ್ಲು ಹೊದಿಸಿದರು. ಒರಟು ಕೈ ನನ್ನ ಕೈಗೆ ಸಿಕ್ಕಿತು.

ಒಂದು ಬೆರಳು ಹಿಡಿದೆ. ಬಿಟ್ಟೆ.

ಮತ್ತೆ ಒಂದು. ಬಿಟ್ಟೆ.

ಆಮೇಲೆ ಎರಡು.

ಒಂದು, ಒಂದು, ಎರಡು. ಮಕ್ಕಳಿಗೂ ಗೊತ್ತಿರುವ ನಂಬರು. ಪೊಲೀಸರದು!

ಸಾಬ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಾದೆ... ತಿರುಗಿ ಒತ್ತಲಿ ಅಂತ ಕಾದೆ. ಅವರು ಒತ್ತಲಿಲ್ಲ. ಕೈ ಎಳೆದುಕೊಂಡು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿದರು.

"ಬಹಳ ಜಾಸ್ತಿ ಕೇಳ್ತಾಳಪ್ಪ," ಅಂದರು. "ಅಸರ್ ನಮಾಜಿಗೆ ಹೊತ್ತಾಯ್ತು. ಮುಗಿಸ್ಕೊಂಡ್ ಬರ್ತೀನಿ. ಅಲ್ಲೀವರ್ಗೂ ಯಾರ್ ಮೇಲೂ ಕೈ ಮಾಡ್ಬೇಡ."

ಹೊರಟೇಹೋದರು.

ಮೂವತ್ತು ವರ್ಷ ಅವರು ಈ ಮಂಡಿಯ ಅನ್ನ ತಿಂದವರು. ನಾನು ಯಾರು? ಗೋಡೆ ಹಾರಿ ಬಂದವಳು.

ಮುನಿಕೃಷ್ಣ ನಕ್ಕ. "ಜಾಸ್ತಿ ಕೇಳೋರು ಜಾಸ್ತಿ ತಿಳ್ಕೊಂಡಿರ್ತಾರೆ ಗಂಗಕ್ಕ. ಕ್ಯಾಂಟರ್ ಬರ್ತಾ ಐತೆ. ಆಮೆ, ಹುಡ್ಗ ಇಬ್ರೂ ರೆಸಾರ್ಟಿಗೆ. ನೀವೂ ಬನ್ನಿ. ಕ್ವಾರಿ ನೀರು ಅರವತ್ತಡಿ ಆಳ. ಈಜು ಬರ್ತದಾ?"

ಬಾಗಿಲು ಮತ್ತೆ ಮುಚ್ಚಿತು.

ನನಗೆ ಈಜು ಬರುವುದಿಲ್ಲ. ನಮ್ಮ ಕಡೆ ಯಾರು ಈಜು ಕಲಿತಾರೆ? ಬಾವಿಯಲ್ಲಿ ನೀರಿದ್ದರಲ್ಲವೇ!

ಹೆದರಿದೆ. ಹೌದು, ನಾನೇ.  ಸಾಬ್ರು ಫೋನು ಮಾಡಿದರೋ, ನಮಾಜು ಮುಗಿಸಿ ಮನೆಗೆ ಹೋಗಿ ಟೀ ಕುಡಿಯುತ್ತಿದ್ದಾರೋ ಯಾರಿಗೆ ಗೊತ್ತು? ಒಂದು ಮಾತ್ರ ಸ್ಪಷ್ಟವಿತ್ತು. ಕ್ಯಾಂಟರ್ ಬಂದಾಗ ಈ ಬಾಗಿಲು ತೆರೆದರೆ ನಮ್ಮ ಕತೆ ಮುಗಿಯಿತು.

ಅಂದರೆ ತೆರೆಯಬಾರದು!

ಬಾಗಿಲಿನ ಕಂಬಿ ಒಳಗಡೆಯೇ ಇತ್ತು. ಕ್ರೇಟು ಜೋಡಿಸುವ ಕಬ್ಬಿಣದ ಸ್ಟ್ಯಾಂಡನ್ನು ಇಬ್ಬರೂ ಒದ್ದು ಬಿಚ್ಚಿದೆವು. ಅದರ ಅಡ್ಡಪೈಪನ್ನು ಕಂಬಿಯ ಮೇಲೆ, ಬಾಗಿಲಿಗೂ ಗೋಡೆಗೂ ನಡುವೆ ಜಡಿದೆವು. ಅಷ್ಟು ಹೊತ್ತು ಹೊರಗೆ ಹೋಗಲು ಒದ್ದಾಡಿದವರು ಈಗ ನಮ್ಮನ್ನು ನಾವೇ ಕೂಡಿಹಾಕಿಕೊಂಡೆವು.

ಕ್ಯಾಂಟರಿನ ಸದ್ದು ಗೋಡೆಯ ನಡುಕದಲ್ಲಿ ತಿಳಿಯಿತು.

"ಒರೇಯ್, ತಲುಪು ತೀಯ್ ರಾ!" ಮುನಿಕೃಷ್ಣನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಬಾಗಿಲು ತೆಗಿಯೋ ಅಂತ ಹಮಾಲಿಗೆ ಕೂಗಿದ್ದು. ಬಾಗಿಲು ಒಂದು ಬೆರಳು ಸರಿದು ಗಕ್ಕನೆ ನಿಂತಿತು. ಎಳೆದರು. ಒದ್ದರು. ಪೈಪು ಬಾಗಿತು... ಮುರಿಯಲಿಲ್ಲ. ಕೊನೆಗೆ ಬಾಗಿಲನ್ನು ತಾವೇ ದೂಡಿ ಮುಚ್ಚಿದರು.

ಯಾಕೆ ಅಂತ ಮೂಗಿಗೆ ತಿಳಿಯಿತು. ಸಿಹಿ ವಾಸನೆ. ಮೂಲೆಯ ಕೊಳವೆ ಬುಸುಗುಟ್ಟುತ್ತಿತ್ತು. ಹಣ್ಣು ಮಾಗಿಸುವ ಗ್ಯಾಸು! ಉಸಿರುಕಟ್ಟಿ ನಾವೇ ಬಾಗಿಲು ತೆಗೆಯಲಿ ಅಂತ ಬಿಟ್ಟಿದ್ದರು. ಹದವಾಗಿ ಬಿಟ್ಟರೆ ಮಾವು ಹಳದಿಯಾಗುತ್ತದೆ. ಸಿಲಿಂಡರ್ ಪೂರ್ತಿ ತಿರುಗಿಸಿದರೆ ಮನುಷ್ಯನ ತಲೆ ತಿರುಗುತ್ತದೆ.

ನನ್ನ ದುಪ್ಪಟ್ಟಾ ತೊಟ್ಟಿಯಲ್ಲಿ ಅದ್ದಿ ಕೊಳವೆಯ ಬಾಯಿಗೆ ತುರುಕಿದೆ. ಎರಡೂ ಕೈಯಿಂದ ಒತ್ತಿ ಹಿಡಿದೆ. ಬುಸುಗುಟ್ಟುವುದು ಕಮ್ಮಿಯಾಯಿತೇ ಹೊರತು ನಿಲ್ಲಲಿಲ್ಲ.

ಫುಸ್ಸ್. ಬೇಗಂ ಮೇಲೆ ಬಂದಳು. ಮುಳುಗಿದಳು. ತಿರುಗಿ ನೋಡುವಷ್ಟರಲ್ಲಿ ಮತ್ತೆ ಬಂದಳು.

"ಗಾಳಿ ಕೆಡ್ತಾ ಇದೆ," ಅಂದ ಉಮೇರ್. "ಇಷ್ಟ್ ಬೇಗ ಬೇಗ ಮೇಲೆ ಬರಲ್ಲ ಇವ್ಳು." ಅವನ ಮಾತು ತೊದಲುತ್ತಿತ್ತು. ನಾನು ಹೊರಗೆ ಹೋಗುತ್ತೇನೆ, ಆಮೆ ನೋಡಿಕೊಳ್ಳುತ್ತೇನೆ ಅಂತ ಒಪ್ಪುತ್ತೇನೆ, ಆಗ ಅವರು ನಿಮ್ಮನ್ನು ಬಿಡಬಹುದು ಅಂದ. ಬಾಯಿ ಮುಚ್ಚಿಕೊಂಡು ಕೂರು, ಗಾಳಿ ಉಳಿಯುತ್ತದೆ ಅಂದೆ. ಅವನು ಹೇಳಿದ್ದು ಕೇಳಿ ನನ್ನ ಕಣ್ಣು ತುಂಬಿತ್ತು. ಬೆಳಕು ಕಮ್ಮಿ ಇದ್ದದ್ದು ಒಳ್ಳೆಯದಾಯಿತು.

 ತಗಡಿನ ಗೋಡೆ ಮೆಲ್ಲಗೆ ತಿರುಗತೊಡಗಿತು. ಕೈ ಮಾತ್ರ ಕೊಳವೆ ಬಿಡಲಿಲ್ಲ.

ಹೊರಗೆ ಗಲಾಟೆ. ಯಾರೋ ಓಡಿದರು. ಏನೋ ಬಿತ್ತು. ಬುಸುಗುಟ್ಟುವುದು ನಿಂತಿತು. ಆಮೇಲೆ ಸಾಬ್ರ ದನಿ, ಬಾಗಿಲಿಗೆ ಬಾಯಿ ಹಚ್ಚಿ ಮಾತಾಡಿದ ಹಾಗೆ.

"ಬಾಗ್ಲು ತೆಗಿ ಬೇಟಾ."

ಉಮೇರ್ ಪೈಪಿಗೆ ಕೈ ಹಾಕಿದ. ತಡೆದೆ. ಸಾಬ್ರು ಯಾರ ಕಡೆ? ಅವರ ಪಕ್ಕದಲ್ಲಿ ಮುನಿಕೃಷ್ಣನೇ ನಿಂತಿದ್ದರೆ? ತೆರೆದರೆ ಕ್ವಾರಿ. ತೆರೆಯದಿದ್ದರೆ ಇಲ್ಲೇ ಮಾಗಿಹೋಗುತ್ತೇವೆ.

ಆಗ ತಗಡಿನ ಮೇಲೆ ಬೆರಳಿನಿಂದ ಬಡಿದ ಸದ್ದು.

ಟಕ್.

ಸ್ವಲ್ಪ ತಡೆದು ಟಕ್.

ಆಮೇಲೆ ಟಕ್ ಟಕ್.

ಹಿಡಿಸಿಕೊಂಡವನು ಅದೇ ಅಂಕಿಯನ್ನು ತಿರುಗಿ ಒತ್ತಿದ್ದ!

"ಕೀಳು ಪೈಪು," ಅಂದೆ.

ಬಾಗಿಲ ಹೊರಗೆ ಸಂಜೆಯ ಬಿಸಿಲಿತ್ತು. ಅಷ್ಟು ರುಚಿಯ ಗಾಳಿ ನಾನು ಹಿಂದೆ ಉಂಡದ್ದಿಲ್ಲ. ಹಮಾಲಿಗಳಿಬ್ಬರೂ ನೆಲದ ಮೇಲೆ ಕೂತಿದ್ದರು. ಸಬ್‌ ಇನ್‌ಸ್ಪೆಕ್ಟರ್ ಅನಿತ ಒಳಗೆ ಬಂದು ತೊಟ್ಟಿ ನೋಡಿ ಬೆರಗಾಗಿ ನಿಂತರು. ಹಿಂದೆ ಬಂದ ಕಾನ್‌ಸ್ಟೇಬಲ್ ಚಿಪ್ಪಿನ ಮೇಲೆ ಕೈಯಿಟ್ಟು ಸೆಲ್ಫಿ ತೆಗೆಯಲು ಬಾಗಿದ.

"ಮುಟ್ಬೇಡಿ ಸಾರ್," ಅಂದ ಉಮೇರ್. ನಿಲ್ಲಲು ಶಕ್ತಿಯಿಲ್ಲದೆ ಗೋಡೆ ಹಿಡಿದಿದ್ದ. ಆದರೂ ಅಂದ. ಕಾನ್‌ಸ್ಟೇಬಲ್ ಕೈ ಹಿಂದೆ ತೆಗೆದುಕೊಂಡ.

ಅನಿತ ಅವರ ಫೋನಿನಿಂದ ಶಕೀಲಾಗೆ ಕರೆ ಹಚ್ಚಿ ಅವನ ಕೈಗೆ ಕೊಟ್ಟೆ. ಅಮ್ಮೀ, ನೀನು ಊಟ ಮಾಡು ಅಂದ. ಅರಣ್ಯ ಇಲಾಖೆಯವರು ಬೇಗಂಳನ್ನು ಕಡಲಿಗೆ ಒಯ್ಯುವಾಗ ಜತೆಗೆ ಅವನೂ ಹೋಗುವುದು ಅಂತ ತೀರ್ಮಾನವಾಯಿತು. ಮೊದಲು ತಾಯಿಯ ಕೈಯ ಊಟ, ಆಮೇಲೆ ಕಡಲು ಅಂತ ನಾನು ಹಟ ಹಿಡಿದೆ.

ಜೀಪಿನ ಹಿಂದೆ ಮುನಿಕೃಷ್ಣ ಕೂತಿದ್ದ. ಕೈಗೆ ಬೇಡಿ. ಬಿಳಿ ಅಂಗಿಗೆ ಕೆಸರು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇವನು ಲೋಡುಗಟ್ಟಲೆ ತರಿಸಿದ್ದ. ಆದರೆ ಅವನ ತಲೆ ಕೊರೆಯುತ್ತಿದ್ದದ್ದು ಬೇಡಿಯಲ್ಲ. ವ್ಯಾಪಾರದವನ ಚಟ ನೋಡಿ!

"ಸಾಬ್ರೇ, ಅದೊಂದ್ ಹೇಳ್ಬಿಡಿ," ಅಂದ. "ಎಷ್ಟಕ್ ಕೇಳಿದ್ಳು ಅವ್ಳು?"

ನಬೀ ಸಾಬ್ರು ಜೀಪಿನ ಹತ್ತಿರ ಹೋದರು. ಹೆಗಲ ಟವೆಲ್ಲು ತೆಗೆದು ಅವನ ಬೇಡಿಯ ಮೇಲೆ ಹೊದಿಸಿದರು. ಕೈ ಒಳಗೆ ಹಾಕಿದರು.

ಮುನಿಕೃಷ್ಣನ ಮುಖ ನೋಡುತ್ತಾ ನಿಂತೆ. ಒಂದು ಬೆರಳು... ಒಂದು ಬೆರಳು... ಎರಡು. ಅವನ ಬಾಯಿ ತೆರೆದೇ ಉಳಿಯಿತು.

ಸಾಬ್ರು ಬಾಯಲ್ಲೇ ಹೇಳಬಹುದಿತ್ತು. ಆದರೆ ಹಮಾಲಿಗಳ ಎದುರು ರೇಟು ಹೇಳುವ ಪದ್ಧತಿ ನಮ್ಮ ಮಂಡಿಯಲ್ಲಿಲ್ಲ.