ಕೆರಿಯನ ಹಸಿವು

“ಮಿಸ್ತ್ರಿ, ಅದ್ರ ಬಾಯಿ ಕಟ್ಟಬೇಡ” ಎಂದು ಸುಬ್ಬಿ ಹೇಳಿದಾಗ ಅಂದಾನಪ್ಪ ನಕ್ಕುಬಿಟ್ಟ. ಚೈನಿಗೆ ತೂಗಿದ ಡೀಸೆಲ್ ಎಂಜಿನ್ನಿನ ತೂತುಗಳಿಗೆ ಅವನು ಚಿಂದಿ ಬಟ್ಟೆ ತುರುಕುತ್ತಿದ್ದ. ಗಾಳಿ ಎಳೆಯುವ ಬಾಯಿ, ಹೊಗೆ ಬಿಡುವ ಬಾಯಿ, ಆಯಿಲ್ ಹಾಕುವ ಬಾಯಿ, ಒಂದನ್ನೂ ಬಿಡದೆ ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದ. ಬಿಚ್ಚಿದ ಎಂಜಿನ್ನಿನೊಳಗೆ ಧೂಳು ಹೋಗಬಾರದು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಅವನು ಕಲಿತ ಮೊದಲ ಪಾಠ ಅದು. ಅಚ್ಚುಕಟ್ಟಾದ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಅವನ ಗ್ರಹಚಾರಕ್ಕೆ ಆ ಅಚ್ಚುಕಟ್ಟೇ ಮುಳುವಾಯಿತು.

ಅದು ತೊಂಬತ್ತೇಳರ ಬೇಸಿಗೆ. ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಅವನು ಹೊಸದಾಗಿ ಗ್ಯಾರೇಜು ಹಾಕಿದ್ದ. ಹಿಂದಿನ ಖೋಲಿಯಲ್ಲೇ ಹೆಂಡತಿ ನೀಲವ್ವನ ಜೊತೆ ವಾಸ. ನೀಲವ್ವನಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿ, ಈ ಸಲ ಏಳು ತಿಂಗಳು ತುಂಬಿತ್ತು. ಈ ಕೂಸೊಂದು ಉಳಿದರೆ ಸಾಕು ಎಂದು ಇಬ್ಬರೂ ಉಸಿರು ಬಿಗಿಹಿಡಿದು ದಿನ ನೂಕುತ್ತಿದ್ದರು. ಹೆರಿಗೆಯ ಹೊತ್ತಿಗೆ ಕೈ ಬರಿದಾಗಬಾರದು ಎನ್ನುವಾಗಲೇ ಈ ಕೆಲಸ ಬಂತು. ಮರದ ನಾಟಾ ಕಂತ್ರಾಟುದಾರ ದೇವರು ಹೆಗಡೆ ಎಂಬವರು ಹರಾಜಿನಲ್ಲಿ ಹಿಡಿದ ಹಳೆಯ ಮಿಲಿಟರಿ ಟ್ರಕ್ಕು. ಕಾಡಿನಿಂದ ದಿಮ್ಮಿ ಎಳೆಯಲು ಅಂಥ ಗಾಡಿ ಇನ್ನೊಂದಿಲ್ಲ, ಆದರೆ ಅದರ ಪೆಟ್ರೋಲ್ ಎಂಜಿನ್ನು ನೀರಿನ ಹಾಗೆ ಕುಡಿಯುತ್ತಿತ್ತು. ಹೆಗಡೆಯವರು ಅರಬೈಲು ಘಟ್ಟದಲ್ಲಿ ಉರುಳಿದ ಲಾರಿಯ ಡೀಸೆಲ್ ಎಂಜಿನ್ನನ್ನು ಗುಜರಿಯಿಂದ ತರಿಸಿ, ಇದನ್ನು ಕೂರಿಸಿಕೊಡು ಎಂದಿದ್ದರು.

ಸುಬ್ಬಿ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಎಂಜಿನ್ನಿನ ಕಡೆ ನೋಡದೆ ಮಾತಾಡಿದಳು.

“ನನ್ನ ಗಂಡ ಕೆರಿಯ ಚಂದಗುಳಿ ಕ್ರಾಸಲ್ಲಿ ಅನ್ನದ ಗಂಟು ಬಿಚ್ಚಿ ಕೂತಿದ್ದ. ಒಂದು ತುತ್ತು ಬಾಯಿಗಿಟ್ಟಿದ್ದಿಲ್ಲ. ಈ ಎಂಜಿನ್ನಿದ್ದ ಲಾರಿ ಮೈಮೇಲೆ ಹೋಯ್ತು. ಓಡಿಸ್ತಿದ್ದ ಸಾವ್ಕಾರ ನಿಲ್ಲಿಸ್ಲೂ ಇಲ್ಲ. ರಸ್ತೆಲಿ ಬಿದ್ದ ಅನ್ನವ, ಅವನ ರಕ್ತ, ಕೂದಲು ಎಲ್ಲ ಬಳಿದು ತಗಂಡು ಮಾಟ ಮಾಡಿಸ್ದೆ. ಇವನ ಹಸಿವು ಅವನ್ನ ತಿನ್ಲಿ ಅಂದೆ. ಆ ಮುದ್ದೆನ ಲಾರಿ ಎಂಜಿನ್ನಿಗೇ ಹಾಕ್ಸಿದೆ. ಸಾವ್ಕಾರ ಘಟ್ಟದಲ್ಲಿ ಲಾರಿ ಉರುಳಿ ಸತ್ತ. ನನ್ನ ಹಗೆ ತೀರ್ತು. ಹಸಿವು ಮಾತ್ರ ಇಳಿಲಿಲ್ಲ, ಅದ್ರೊಳಗೇ ಕೂತದೆ.”

“ಅದಕ್ಕ ನಾ ಏನ್ ಮಾಡ್ಲಿ?”

“ಒಂದು ಮಧ್ಯಾಹ್ನ, ನನ್ನ ಗಂಡ ಸತ್ತ ಜಾಗದಲ್ಲಿ ಬಾಯೆಲ್ಲ ತೆಗೆದು ಇಡು. ಹೊತ್ತು ಮುಳುಗೋದ್ರೊಳಗೆ ಮಣ್ಣಿಗೆ ಇಳಿತದೆ. ಇಲ್ಲಾಂದ್ರೆ ಅದು ಇನ್ನೊಂದು ಬಾಯಿ ಹುಡುಕ್ತದೆ.”

“ಯವ್ವಾ, ಎಂಜಿನ್ನಿಗೆ ಆಗೋ ಹಸಿವು ಡೀಸೆಲ್ಲಿಂದು. ಟಾಕಿ ತುಂಬ್ಸಿದ್ರ ತೀರ್ತದ. ಹೋಗ್ಬರ್ರಿ” ಎಂದ ಅಂದಾನಪ್ಪ. ಅವಳು ಹೋದ ಮೇಲೆ ಅವಳ ದನಿಯನ್ನೇ ಅಣಕಿಸಿ ನೀಲವ್ವನನ್ನು ನಗಿಸಲು ನೋಡಿದ. ನೀಲವ್ವ ನಗಲಿಲ್ಲ.

ಹಳೆಯ ಕಂಬಿಗಳನ್ನು ಕೊಯ್ದು ಹೊಸ ಕಬ್ಬಿಣ ಬೆಸೆದು, ಗೇರ್ ಬಾಕ್ಸಿಗೆ ಹೊಂದುವ ಪ್ಲೇಟು ಕೊರೆಸಿ, ಕೊನೆಗೆ ಚೈನು ಸಡಿಲಿಸಿ ಆ ಭಾರವನ್ನು ಟ್ರಕ್ಕಿನೊಳಗೆ ಇಳಿಸುವಷ್ಟರಲ್ಲಿ ಅವನ ರಟ್ಟೆ ಬಿದ್ದುಹೋಗಿತ್ತು. ಪೈಪು ಜೋಡಿಸಲು ಟ್ರಕ್ಕಿನ ಅಡಿಗೆ ನುಸುಳಿದಾಗ ಮೂಗಿಗೆ ವಾಸನೆ ಬಡಿಯಿತು. ಆಯಿಲ್ಲಿನ ವಾಸನೆಯಲ್ಲ. ಹಳಸಿ ನೊರೆ ಬಂದ ಅನ್ನದ ಹುಳಿ ನಾತ, ಅದರ ಅಡಿಯಲ್ಲಿ ಕೊಳೆತ ಮಾಂಸದ್ದು. ಇಲಿ ಸತ್ತಿರಬೇಕು ಎಂದುಕೊಂಡು ಗಾಳಿಯ ಬಾಯಿಂದ ಬಟ್ಟೆ ಎಳೆದ. ಬಟ್ಟೆ ಒದ್ದೆಯಾಗಿತ್ತು. ಬೆಚ್ಚಗಿತ್ತು. ಜೊಲ್ಲು ನೂಲಿನಂತೆ ಜೋತುಬಿತ್ತು. ಅಂಚನ್ನು ಯಾರೋ ಅಗಿದು ಅಗಿದು ನಾರು ಮಾಡಿದ್ದರು.

ಥೂ, ಬರೆಯುವುದಕ್ಕೂ ಹೇಸಿಗೆ. ಆಗಲಾದರೂ ಅವನು ಸುಬ್ಬಿಯ ಮಾತು ನೆನೆಯಬಾರದಿತ್ತೇ? ನೆನೆಯಲಿಲ್ಲ. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಒಂದೊಂದೇ ಬಾಯಿಯ ಬಟ್ಟೆ ಕಿತ್ತು, ಮರುಕ್ಷಣವೇ ಪೈಪು ಕೂರಿಸಿ ಬೋಲ್ಟು ಬಿಗಿದ.

ಡೀಸೆಲ್ ಎಂಜಿನ್ನಿನ ತನಕ ಏರಲಿಲ್ಲ. ಪೈಪಿನಲ್ಲಿ ಗಾಳಿ ಕೂತಿತ್ತು. ಎಲ್ಲ ಮಿಸ್ತ್ರಿಗಳೂ ಮಾಡುವುದನ್ನೇ ಅವನೂ ಮಾಡಿದ. ಎಂಜಿನ್ನಿನ ಮೈಗಂಟಿದ ಫಿಲ್ಟರಿನ ಪೈಪನ್ನು ಬಾಯಿಗಿಟ್ಟು ಎಳೆದ.

ಡೀಸೆಲ್ ಬರಲಿಲ್ಲ. ಬೆಚ್ಚಗೆ ಏನೋ ಬಂತು. ಹಳಸಿದ ಅನ್ನ. ಅದರಲ್ಲಿ ಮರಳು. ಮರಳಿನ ಜೊತೆ ಕೂದಲು. ಉಗುಳಲು ಹೋದ. ನಾಲಿಗೆ ಮಡಚಿಕೊಂಡಿತು. ಗಂಟಲು ತಾನಾಗಿಯೇ ತೆರೆಯಿತು. ಗುಟುಕ್. ಎಲ್ಲ ಒಳಗೆ ಹೋಯಿತು. ಅದರ ಹಿಂದೆಯೇ ಶುದ್ಧ ಡೀಸೆಲ್ ಚಿಮ್ಮಿ ಅವನ ಮುಖ ತೋಯಿಸಿತು.

ಎಂಜಿನ್ನು ಒಂದೇ ಏಟಿಗೆ ಸ್ಟಾರ್ಟ್ ಆಯಿತು. “ಎಂಥಾ ಕೈಗುಣ ಮಾರಾಯ ನಿಂದು” ಎಂದು ಹೆಗಡೆಯವರು ಬೆನ್ನು ತಟ್ಟಿ ಟ್ರಕ್ಕು ಒಯ್ದರು. ಆಮೇಲೂ ಆ ಗಾಡಿ ಒಂದು ದಿನ ಕೆಡಲಿಲ್ಲ. ಅದರೊಳಗೆ ಇದ್ದದ್ದು ಇಳಿದಾಗಿತ್ತಲ್ಲ.

ಅಂದಾನಪ್ಪ ಆ ಸಂಜೆ ಇಬ್ಬರ ಅನ್ನವನ್ನೂ ಉಂಡ. ರೊಟ್ಟಿ ಮುಗಿಸಿ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಹಸಿ ಹಿಟ್ಟು ಮುಕ್ಕಿದ. ದುಡಿದ ಜೀವ ಎಂದು ನೀಲವ್ವ ಸುಮ್ಮನಿದ್ದಳು. ಮರುದಿನ ಗ್ಯಾರೇಜಿನ ಮೂಲೆಯಲ್ಲಿ ಅವನು ಬೆನ್ನು ಮಾಡಿ ಕೂತಿದ್ದ. ಗ್ರೀಸಿನ ಡಬ್ಬಿ ತೊಡೆಯ ನಡುವೆ. ಬೆರಳಿನಿಂದ ಬಳಿದು ಬಳಿದು ನೆಕ್ಕುತ್ತಿದ್ದ. ತುಟಿ, ಹಲ್ಲು, ಒಸಡು ಎಲ್ಲ ಕಪ್ಪು. ಎಂಜಿನ್ನಿನ ಬಾಯಿಂದ ತೆಗೆದ ಆ ಚಿಂದಿಗಳನ್ನು ವೀಳ್ಯದ ಹಾಗೆ ಅಗಿದು ನುಂಗಿದ. ಬಾಯಿ ತೆರೆದರೆ ಖೋಲಿಯೆಲ್ಲ ಹಳಸಿದ ಅನ್ನದ ನಾತ. ಪಕ್ಕದಲ್ಲಿ ಕೂತ ನೀಲವ್ವ ವಾಂತಿ ಮಾಡಿಕೊಂಡಳು. ಅದನ್ನು ಒರೆಸಲು ಬಟ್ಟೆ ತಂದು ನೋಡಿದರೆ ನೆಲ ಆಗಲೇ ಚೊಕ್ಕಟವಾಗಿತ್ತು, ಅಂದಾನಪ್ಪ ಗಲ್ಲ ಒರೆಸಿಕೊಳ್ಳುತ್ತಿದ್ದ.

ಮೂರನೆಯ ಮಧ್ಯಾಹ್ನ ಅವಳು ಅಡ್ಡಾಗಿದ್ದಾಗ ಹೊಟ್ಟೆಯ ಮೇಲೆ ಒದ್ದೆಯಾಯಿತು. ಕೂಸು ಒದೆಯುವುದನ್ನು ಕೇಳಲು ಅವನು ದಿನಾ ಅಲ್ಲಿ ಕಿವಿ ಇಡುತ್ತಿದ್ದ. ಇವತ್ತು ಕಿವಿ ಇಟ್ಟಿರಲಿಲ್ಲ. ಬಾಯಿ ಇಟ್ಟಿದ್ದ. ಜೊಲ್ಲು ಸೀರೆಯ ಮೇಲೆ ಹರಿಯುತ್ತಿತ್ತು. ಅವಳು ಕಣ್ಣು ಬಿಟ್ಟಿದ್ದು ನೋಡಿ ಅವನೇ ಗೋಡೆಯ ತನಕ ಹಿಂದೆ ಸರಿದ. ಅವನ ಕಣ್ಣಲ್ಲಿ ನೀರಿತ್ತು.

“ನೀಲಾ, ನನ್ನ ಕಟ್ಟಿ ಹಾಕು. ನನಗ ಕೂಸಿನ ವಾಸನಿ ಬಡ್ಯಾಕತ್ತೈತಿ.”

ಅವನ ಕೈ ಕಟ್ಟಿ, ಬಾಗಿಲು ಹಾಕಿ, ಆ ಬಸುರಿ ಬಿಸಿಲಲ್ಲಿ ಸುಬ್ಬಿಯ ಮನೆಗೆ ಓಡಿದಳು. ಸುಬ್ಬಿ ಬೈಯಲಿಲ್ಲ. “ಎಂಜಿನ್ನಿಗೆ ಮಾಡಬೇಕಾದ್ದು ಈಗ ಅವನಿಗೇ ಮಾಡಬೇಕು” ಎಂದಳು.

ಮರುದಿನ ನಡು ಮಧ್ಯಾಹ್ನ, ಚಂದಗುಳಿ ಕ್ರಾಸಿನ ಕೆಂಪು ಮಣ್ಣಿನ ಮೇಲೆ ಅಂದಾನಪ್ಪನನ್ನು ಮಗ್ಗುಲಾಗಿ ಮಲಗಿಸಿದರು. ಹಲ್ಲಿನ ನಡುವೆ ಕೋಲಿನ ತುಂಡು ಸಿಕ್ಕಿಸಿ ಬಾಯಿ ತೆರೆದಿಟ್ಟರು. ಅದನ್ನು ಸೆಳೆಯಲಿ ಎಂದು ಸುಬ್ಬಿ ಅವನ ಮುಖದೆದುರು ಒಂದು ಹಿಡಿ ಅನ್ನ ಇಟ್ಟಳು. ಆಮೇಲೆ ಬೆನ್ನು ತಿರುಗಿಸಿ ಕೂತಳು. ಮಾಟ ಮಾಡಿಸಿದವಳು ಅದು ಇಳಿಯುವುದನ್ನು ನೋಡುವ ಹಾಗಿಲ್ಲವಂತೆ.

“ನೀನೇ ಕಾಯಬೇಕು. ನೊಣ ಬರ್ತದೆ, ಇರುವೆ ಬರ್ತದೆ. ಬರ್ಲಿ. ಹೇಸ್ಕಂಡು ಬಾಯಿ ಮುಚ್ಚಬೇಡ. ಬಟ್ಟೆ ತಾಗಿಸ್ಲೂ ಬೇಡ. ತಾಗಿಸ್ದರೆ ಅದು ಬಟ್ಟೆಗೆ ಹತ್ಕಳ್ತದೆ.”

ನೀಲವ್ವ ತಲೆಯಾಡಿಸಿದಳು.

ಮೊದಲು ನೊಣ ಬಂತು. ಆಮೇಲೆ ಇರುವೆಯ ಸಾಲು. ಅನ್ನ ಬಿಟ್ಟು ಅವನ ತುಟಿ ಹತ್ತಿದವು. ನಾಲಿಗೆಯ ಮೇಲೆ ಹರಿದವು. ಗಂಟಲಿನಿಂದ ಕಪ್ಪು ಲೋಳೆ ಕೂದಲು ಕೂದಲಾಗಿ ಹೊರಗೆ ಬರತೊಡಗಿತು. ಹನಿ ಹನಿಯಾಗಿ ಮಣ್ಣಿಗೆ ಬಿತ್ತು. ಇಳಿಯುತ್ತಿತ್ತು. ನಿಜಕ್ಕೂ ಇಳಿಯುತ್ತಿತ್ತು. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು.

ಆಗ ಒಂದು ದೊಡ್ಡ ಹಸಿರು ನೊಣ ಅವನ ನಾಲಿಗೆಯ ಬುಡದಲ್ಲಿ ಕೂತು ಮೊಟ್ಟೆ ಇಡತೊಡಗಿತು. ಬಿಳಿ ಬಿಳಿ. ರಾಶಿ ರಾಶಿ. ತಾಳಿ ಕಟ್ಟಿದ ಗಂಡನ ಬಾಯಿ ಅದು. ನೀಲವ್ವನಿಗೆ ತಡೆಯಲಾಗಲಿಲ್ಲ. ಸೆರಗಿನ ತುದಿಯಿಂದ ಒಮ್ಮೆ, ಒಂದೇ ಒಮ್ಮೆ, ಒರೆಸಿಬಿಟ್ಟಳು.

ಒರೆಸಿದ ಕೂಡಲೇ ಓಕರಿಕೆ ಬಂತು. ಸುಬ್ಬಿಗೆ ಕೇಳಿಸಬಾರದು. ಅದನ್ನು ತಡೆಯಲು ಹೆಣ್ಣುಮಕ್ಕಳೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಅದೇ ಸೆರಗನ್ನು ತನ್ನ ಬಾಯಿಗೆ ತುರುಕಿಕೊಂಡಳು.

ಹೊತ್ತು ಮುಳುಗಿತು. ಅಂದಾನಪ್ಪ ಕೋಲು ಉಗುಳಿ ಎದ್ದು ಕೂತ. ಕಣ್ಣು ತಿಳಿಯಾಗಿತ್ತು. ಉಸಿರಿನಲ್ಲಿ ನಾತವಿರಲಿಲ್ಲ. ಸುಬ್ಬಿ ಕೈಯ ಕಟ್ಟು ಬಿಚ್ಚಿದೊಡನೆ ಅವಳ ಕಾಲು ಹಿಡಿದು ಅತ್ತ. “ಹೋತು ನೀಲಾ, ಎಲ್ಲಾ ಹೋತು. ನಡಿ, ಮನಿಗೆ ಹೋಗಿ ಏನಾರ ಮಾಡ್ಕೊಂಡು ಉಣ್ಣೂಣು. ನೀನೂ ಮುಂಜಾನಿಂದ ಏನೂ ತಿಂದಿಲ್ಲ” ಎಂದ.

ನೀಲವ್ವ ಮಣ್ಣಿನ ಮೇಲೆ ಮಂಡಿಯೂರಿ ಕೂತಿದ್ದಳು. ಅವನ ಮುಖದೆದುರು ಇಟ್ಟಿದ್ದ ಅನ್ನ ಅಲ್ಲಿರಲಿಲ್ಲ. ಅವಳ ದವಡೆ ನಿಧಾನವಾಗಿ ಆಡುತ್ತಿತ್ತು. ತುಟಿಯ ಅಂಚಿನಿಂದ ಇರುವೆಯೊಂದು ಹೊರಗೆ ಬಂತು, ನಾಲಿಗೆ ಅದನ್ನು ಒಳಗೆಳೆದುಕೊಂಡಿತು.

“ನೀಲಾ, ಏನ್ ತಿನ್ನಾಕತ್ತಿ?”

ಅವಳು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡಳು. ಸೀರೆಯ ಅಡಿಯಲ್ಲಿ ಏನೋ ಗುದ್ದಿತು.

“ನನಗ ಹಸಿವಿಲ್ರಿ” ಎಂದಳು. “ಕೂಸಿಗೆ ಹಸಿವಾಗೈತಿ.”